ಸುದ್ದಿ ಒಯ್ಯುವವನ ಮನೆಯ ಸಾವು

ಬಳ್ಳಾರಿಯ ತರಬೇತಿ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಮುಂದಿನ ಸಾಲಿನ ಸಾಹೇಬರಿಗೆ ಬೀಳುತ್ತಿತ್ತು. ಹಿಂದೆ ಊರೂರಿನ ಗ್ರಾಮ ಲೆಕ್ಕಿಗರು ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಪಹಣಿ, ಕಂದಾಯ, ಬೆಳೆ ಎಣಿಕೆ, ಓಟಿನ ಪಟ್ಟಿ ಎಲ್ಲ ಮುಗಿದ ಮೇಲೂ ಮೈಯಲ್ಲಿ ಜೀವ ಉಳಿದಿದ್ದರೆ ಊರಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ ಬರೆದುಕೊಳ್ಳುವುದು ಇವರದೇ ಕೆಲಸ. ಇಂಥವರನ್ನು ಕರೆದು, ಕೈಗೊಂದು ಪ್ಲಾಸ್ಟಿಕ್ ಫೈಲು ಕೊಟ್ಟು, ನೀವೂ ಸಂಶೋಧನೆ ಮಾಡಿ, ಲೇಖನ ಬರೆಯಿರಿ, ನಿಮ್ಮ ಹೆಸರಿನಲ್ಲೇ ಅಚ್ಚು ಹಾಕಿಸುತ್ತೇವೆ ಎಂದರೆ ನಗದೆ ಏನು ಮಾಡುತ್ತಾರೆ?

ಎಲ್ಲರಿಗಿಂತ ಜೋರಾಗಿ ನಕ್ಕವನು ಕೊಟ್ಟೂರಿನ ಶಿವಶಂಕರ. ‘ಮೇಡಂ, ಸತ್ತೋರ್ ಹೆಸರು ಬರಿಯೋದ್ರಾಗ ನಮ್ಮ ಕೈ ಸೋತೈತಿ. ಪುಸ್ತಕ ಬರದ್ರ ನಮ್ಮ ಹೆಸರೂ ಅದೇ ರಿಜಿಸ್ಟ್ರಿನಾಗ ಸೇರ್ತೈತಿ ನೋಡ್ರಿ.’

ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದ ಶಾಂತಕುಮಾರಿ ಮೇಡಂ ಕೂಡ ನಕ್ಕರು. ಆಮೇಲೆ ಬೋರ್ಡಿನ ಕಡೆ ತಿರುಗದೆ, ಇವರ ಮುಖ ನೋಡುತ್ತಲೇ ಹೇಳಿದರು: ‘ದೊಡ್ಡ ವಿಷಯ ಬೇಡ. ನಿಮ್ಮ ಕೆಲಸದಲ್ಲೇ, ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರ್ಕೊಳ್ಳಿ. ಗೊತ್ತಿರೋದನ್ನೇ ಕೇಳೋಕೆ ಊರೂರು ತಿರುಗೋದು ಬೇಡ.’

ಗುಡೇಕೋಟೆ ಕಡೆಯ ಲೆಕ್ಕಿಗ ತಿಪ್ಪೇಶನಿಗೆ ಇಂಥ ಮಾತುಗಳ ಮೇಲೆ ನಂಬಿಕೆ ಇರಲಿಲ್ಲ. ಹಾಲಿನಲ್ಲಿ ಕೂತವರು ಒಬ್ಬರಿಗೊಬ್ಬರು ಎಲೆ ಅಡಿಕೆ ಹಂಚಿಕೊಳ್ಳುವಾಗ ಅವನ ಕುರ್ಚಿಯ ಹತ್ತಿರ ಬಂದ ಕೈ ಅರ್ಧದಲ್ಲೇ ನಿಲ್ಲುತ್ತದೆ ಎಂಬುದು ಅವನಿಗೆ ಹೊಸದಲ್ಲ. ಗುಡೇಕೋಟೆಯಲ್ಲಿ ಬಾಡಿಗೆ ಕೋಣೆ ಸಿಗಲು ಅವನು ಎಷ್ಟು ಬಾಗಿಲು ಬಡಿದಿದ್ದ ಎಂಬುದನ್ನು ಯಾವ ಸಂಶೋಧನೆಯೂ ಕೇಳಿರಲಿಲ್ಲ. ಆದರೂ ಪ್ರಶ್ನೆಯೊಂದು ಅವನ ತಲೆಯಲ್ಲಿ ಬಹಳ ದಿನದಿಂದ ಇತ್ತು. ಬರೆದು ಕೊಟ್ಟ: ನಮ್ಮ ಜನನ ಮರಣದ ಪುಸ್ತಕಗಳಲ್ಲಿ ಗಂಡಸರು ಸಾಯುತ್ತಾರೆ, ಹೆಂಗಸರು ಯಾಕೆ ಸಾಯುವುದಿಲ್ಲ?

ಶಿವಶಂಕರ ಇಣುಕಿ ಓದಿದ. ‘ಲೇ ತಿಪ್ಪೇಶಿ, ನಿಮ್ಮ ಕಡಿ ಹೆಣ್ಮಕ್ಳು ಏನ್ ತಿಂತಾರಲೇ? ನಮ್ಮವ್ವಗೂ ಒಂದೀಟು ಕಳಿಸು.’

ಮೇಡಂ ನಗಲಿಲ್ಲ. ‘ಇದನ್ನ ಮಾಡಿ’ ಎಂದರು. ತಾಲ್ಲೂಕಿನ ಊರುಗಳ ಹೆಸರು ಚೀಟಿಯಲ್ಲಿ ಬರೆದು ಎತ್ತಿಸಿದರು. ಬೇಕಾದ ಊರು ಆರಿಸಿಕೊಂಡರೆ ಬೇಕಾದ ಉತ್ತರವೇ ಸಿಗುತ್ತದಂತೆ, ಅದಕ್ಕೆ ಚೀಟಿ. ತಿಪ್ಪೇಶನ ಕೈಗೆ ಬಂದ ಊರುಗಳಲ್ಲಿ ಒಂದು ಹೊಸಹಳ್ಳಿ ಹೋಬಳಿಯ ಅವನದೇ ಹುಟ್ಟೂರು. ಚೀಟಿಗೆ ಇವನ ಸಂಕಟ ಏನು ಗೊತ್ತು? ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಭಾನುವಾರಗಳನ್ನು ಹಾಳುಮಾಡಿಕೊಂಡು ಮನೆ ಮನೆ ತಿರುಗಿದ. ಕೇಳಬೇಕಾದ್ದು ಇಷ್ಟೇ: ಹತ್ತು ವರ್ಷದೊಳಗೆ ಈ ಮನೆಯಲ್ಲಿ ಯಾರು ತೀರಿಕೊಂಡರು, ಬರೆಸಿದಿರಾ, ಬರೆಸದಿದ್ದರೆ ಯಾಕೆ? ಉತ್ತರ ಎರಡನೆಯ ಊರಿನಲ್ಲೇ ಸಿಕ್ಕಿಬಿಟ್ಟಿತು. ಚೌಡಣ್ಣ ಎಂಬ ರೈತ ಎತ್ತಿನ ಮೈ ಉಜ್ಜುತ್ತ ಹೇಳಿದ: ‘ಅಪ್ಪಂದು ಮೂರು ದಿನಕ್ಕ ಬರೆಸಿದೆನ್ರಿ. ಇಲ್ಲಂದ್ರ ಹೊಲ ನನ್ನ ಹೆಸರಿಗೆ ಆಗಂಗಿಲ್ಲಲ್ಲ.’

‘ಅವ್ವಂದು?’

‘ಅವ್ವಂದು ಏನೈತ್ರಿ ಬರೆಸಾಕ? ಆಕಿ ಹೆಸರಿಲೆ ಎಲ್ಡು ಕೋಳಿ ಇದ್ವು. ಅವನ್ನೂ ಆಕಿ ತಿಥಿ ಊಟಕ್ಕ ಕೊಯ್ದಿವಿ.’

ತಿಪ್ಪೇಶ ಅದನ್ನು ಹಾಗೆಯೇ ಬರೆದುಕೊಂಡ. ಹೊಲ ಇದ್ದವನ ಸಾವಿಗೆ ಕಾಗದ ಬೇಕು. ಹೊಲದಲ್ಲಿ ಕಳೆ ಕೀಳುತ್ತ ಸೊಂಟ ಸವೆಸಿದವಳ ಸಾವಿಗೆ ಯಾವ ಕಾಗದವೂ ಬೇಡ. ಬರೆಯುತ್ತ ಬರೆಯುತ್ತ ಅವನ ಪೆನ್ನು ಹಾಳೆ ಹರಿಯುವಷ್ಟು ಒತ್ತುತ್ತಿತ್ತು.

ಇನ್ನೊಂದು ಸಂಗತಿ ಇತ್ತು, ಅದನ್ನು ಅವನು ಬರೆದುಕೊಳ್ಳಲಿಲ್ಲ. ಹೊಸಹಳ್ಳಿ ಸುತ್ತಿನ ಊರುಗಳಲ್ಲಿ ಅವನ ಮುಖ ಕಂಡೊಡನೆ ಮುದುಕರು ಎದ್ದು ನಿಂತು, ‘ಜೋಗಪ್ಪನ ಮಗ ಅಲ್ಲೇನು? ಯಾರ್ದಪಾ ಸುದ್ದಿ?’ ಎನ್ನುತ್ತಿದ್ದರು. ಅವನ ಅಪ್ಪ ಜೋಗಪ್ಪ ಸಾವಿನ ಸುದ್ದಿ ಒಯ್ಯುವವನು. ಊರಲ್ಲಿ ಯಾರೇ ಸತ್ತರೂ ಬೇರೆ ಊರಿನ ಬಂಧುಬಳಗಕ್ಕೆ ನಡೆದು ಹೋಗಿ ಮುಟ್ಟಿಸುವುದು ಆ ಮನೆತನದ ಚಾಕರಿ. ಯಾರೂ ಕೇಳಿ ಕೊಟ್ಟದ್ದಲ್ಲ, ಹುಟ್ಟಿದಾಗಲೇ ಹೆಗಲಿಗೆ ಹಾಕಿದ್ದು. ಈಚೆಗೆ ಹೊಸಹಳ್ಳಿಗೆ ಫೋನಿನ ಬೂತು ಬಂದು ಅದು ನಿಂತಿತು. ಊರಿಗೆ ಬುದ್ಧಿ ಬಂದು ನಿಂತದ್ದಲ್ಲ. ಅಪ್ಪ ಒಯ್ದದ್ದನ್ನು ಮಗ ಬರೆಯುತ್ತಾನೆ, ನೌಕರಿ ಎಂದರೆ ಇಷ್ಟೇನಾ ಎಂದು ತಿಪ್ಪೇಶನಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು.

ಆದರೆ ಅಪ್ಪನ ಮೇಲಿನ ಸಿಟ್ಟು ಅದಲ್ಲ. ಅವ್ವ ಸುಂಕಮ್ಮ ಸತ್ತಾಗ ತಿಪ್ಪೇಶ ಕೊಟ್ಟೂರಿನ ಹಾಸ್ಟೆಲಿನಲ್ಲಿದ್ದ. ಪಿಯುಸಿ ಪರೀಕ್ಷೆ ಮುಗಿಸಿ, ಅವ್ವನಿಗೆಂದು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಊರಿಗೆ ಬಂದರೆ, ಬಾಗಿಲಲ್ಲಿ ಪಕ್ಕದ ಮನೆಯ ಚೌಡಕ್ಕ ಅವನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಣ್ಣು ಮಾಡಿ ಹನ್ನೆರಡು ದಿನ ಆಗಿತ್ತು. ಹತ್ತೂರಿಗೆ ಕಂಡವರ ಸಾವು ಹೊತ್ತು ತಿರುಗಿದ ಅಪ್ಪನಿಗೆ ಹೆತ್ತ ಮಗನಿಗೆ ಒಂದು ಮಾತು ಮುಟ್ಟಿಸಲು ಕಾಲು ಬರಲಿಲ್ಲ. ಯಾಕೆ ಎಂದು ತಿಪ್ಪೇಶ ಕೇಳಲಿಲ್ಲ. ಮಾತು ಬಿಟ್ಟ. ಏಳು ವರ್ಷವಾಯಿತು. ಹಬ್ಬಕ್ಕೆ ಹೋಗುತ್ತಾನೆ, ಅಪ್ಪನ ಮುಂದೆ ಅಂಗಿಯ ಬಟ್ಟೆ ಇಡುತ್ತಾನೆ, ಮುಂದಿನ ಬಸ್ಸಿಗೆ ತಿರುಗುತ್ತಾನೆ. ಗುಡೇಕೋಟೆಯ ಕೋಣೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಳ್ಳುವಾಗ ಮಾತ್ರ ಆ ‘ಯಾಕೆ’ ಸ್ಟೋವಿನ ಹಾಗೆ ಗುಂಯ್ ಎನ್ನುತ್ತಿರುತ್ತದೆ.

ಹುಟ್ಟೂರಿನಲ್ಲಿ ಎಲ್ಲ ಮನೆ ಕೇಳಿದ, ತನ್ನ ಮನೆ ಬಿಟ್ಟ. ಆ ಮನೆಯ ಹಾಳೆಯನ್ನು ತಾನೇ ತುಂಬಿದ.

ಎರಡನೆಯ ತರಬೇತಿ ಕೂಡ್ಲಿಗಿಯಲ್ಲಿ ನಡೆಯಿತು. ಶಾಂತಕುಮಾರಿ ಮೇಡಂ ಅವನ ಹಾಳೆಗಳನ್ನು ಒಂದೊಂದಾಗಿ ಓದಿದರು. ಒಂದನ್ನು ಹೊರಗೆ ತೆಗೆದರು.

‘ಈ ಮನೆಯನ್ನ ನೀವು ಕೇಳಿಲ್ಲ.’

‘ಹೆಂಗ್ ಹೇಳ್ತೀರಿ ಮೇಡಂ?’

‘ಬೇರೆ ಕಡೆಯೆಲ್ಲ ಜನ ಮಾತಾಡಿದ್ದಾರೆ. ಕೋಳಿ ಇತ್ತು, ಕುರಿ ಇತ್ತು, ಮಳೆ ಬಂತು ಅಂತ. ಇಲ್ಲಿ ಬರೀ “ಕಾರಣ: ಅಲಕ್ಷ್ಯ” ಅಂತಿದೆ. ಇದು ಬರೆದವರ ಮಾತು, ಮನೆಯವರ ಮಾತಲ್ಲ.’

‘ಅದು ನಮ್ಮ ಮನಿ ಐತ್ರಿ’ ಎಂದ ತಿಪ್ಪೇಶ. ಮೇಡಂ ಹಾಳೆಯನ್ನು ಅವನ ಕಡೆ ಸರಿಸಿದರು.

‘ಆ ಮನೆ ಬಿಟ್ಟರೆ ಊರನ್ನೇ ಬಿಡಬೇಕು, ಊರು ಬಿಟ್ಟರೆ ನಿಮ್ಮ ಲೇಖನ ನಿಲ್ಲಲ್ಲ. ಕೇಳದೆ ಬರೆದದ್ದನ್ನ ನಾನು ಅಚ್ಚಿಗೆ ಕಳಿಸಲ್ಲ, ತಿಪ್ಪೇಶ್. ಆಗದಿದ್ದರೆ ಹೇಳಿ, ನಾನು ಬೇಜಾರು ಮಾಡ್ಕೊಳ್ಳಲ್ಲ.’

ಅವನು ಹಾಳೆ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಎದ್ದ. ಇವರಿಗೇನು, ಬೆಂಗಳೂರಿಗೆ ಹೋಗಿ ಎಸಿ ಕೋಣೆಯಲ್ಲಿ ಕೂರುತ್ತಾರೆ ಎಂದು ಬೈದುಕೊಳ್ಳುತ್ತಲೇ ಹೊಸಹಳ್ಳಿ ಬಸ್ಸು ಹತ್ತಿದ. ಎಸಿ ಕೋಣೆಯ ಮೇಲೆ ಎಷ್ಟು ಬೈದರೂ ಆ ‘ಅಲಕ್ಷ್ಯ’ ತನ್ನದೇ ಮಾತು ಎಂಬುದು ಸುಳ್ಳಾಗಲಿಲ್ಲ.

ಜೋಗಪ್ಪ ಮನೆಯ ಮುಂದೆ ಕೂತು ಆಡಿನ ಕೊರಳ ಹಗ್ಗ ಹೊಸೆಯುತ್ತಿದ್ದ. ಹಬ್ಬವಿಲ್ಲದ ದಿನ ಮಗ ಬಂದದ್ದು ನೋಡಿ ಹಗ್ಗ ಕೆಳಗಿಟ್ಟ. ತಿಪ್ಪೇಶ ಒಳಗೆ ಹೋಗಿ ಕೂತ. ಅಪ್ಪ ಒಳಗೆ ಬಂದು ಗೋಡೆಗೆ ಒರಗಿ ಕೂತ. ಮಗ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡ, ಬೇರೆ ಮನೆಗಳಲ್ಲಿ ಕೇಳಿದ ಹಾಗೆಯೇ ಕೇಳಿದ.

‘ಹತ್ತು ವರ್ಷದಾಗ ಈ ಮನ್ಯಾಗ ಯಾರಾದ್ರೂ ತೀರ್ಕೊಂಡಾರೇನು?’

‘ನಿನಗ ಗೊತ್ತಿಲ್ಲೇನಲೇ?’

‘ಕೇಳೇ ಬರಿಬೇಕು. ಹಂಗಂತ ರೂಲ್ಸ್ ಐತಿ.’

‘ತೀರ್ಕೊಂಡಾಳ.’

‘ಹೆಸರು?’

ಜೋಗಪ್ಪ ಮಗನನ್ನು ನೋಡಿದ. ‘ಸುಂಕಮ್ಮ.’

‘ಸರಕಾರದಾಗ ಬರೆಸೀರೇನು?’

‘ಇಲ್ಲ. ಯಾರ್ ಕೇಳಿದ್ರು?’

‘ಯಾಕ ಬರೆಸಲಿಲ್ಲ?’ ಎನ್ನುವಾಗ ತಿಪ್ಪೇಶನ ದನಿ ಹಾಳೆಯನ್ನು ಬಿಟ್ಟು ಹೋಯಿತು. ‘ಬರೆಸೋದು ಹಾಳಾಗಿ ಹೋಗ್ಲಿ ಯಪ್ಪಾ, ನನಗ ಯಾಕ ಹೇಳಲಿಲ್ಲ? ಊರ ಮಂದಿ ಸತ್ರ ಓಡ್ತಿದ್ದಿ. ನನ್ನವ್ವ ಸತ್ರ ನಿನ್ನ ಕಾಲು ಮುರಿದಿದ್ವೇನು?’

‘ಬಂದಿದ್ದೆ’ ಎಂದ ಜೋಗಪ್ಪ.

‘ಎಲ್ಲಿಗೆ?’

‘ಕೊಟ್ಟೂರಿಗೆ. ಕೂಡ್ಲಿಗಿಗಂಟ ನಡದೆ, ಅಲ್ಲಿಂದ ಲಾರಿ ಹತ್ತಿದೆ. ಗೇಟಿನಾಗ ನಿಂತಿದ್ದೆ. ನೀನು ಬೇವಿನ ಗಿಡದ ಕಟ್ಟಿ ಮ್ಯಾಲೆ ಕುಂತು ಓದಾಕ ಹತ್ತಿದ್ದಿ. ಹುಡುಗ್ರು ಬಂದು, ಯಾರ್ನ ಕರೀಬೇಕಜ್ಜಾ ಅಂದ್ರು. ಯಾರ್ನೂ ಇಲ್ಲ ಅಂದೆ.’

‘ಯಾಕ?’

ಜೋಗಪ್ಪ ನೆಲ ನೋಡುತ್ತ ಹೇಳಿದ. ‘ಸುದ್ದಿ ಒಯ್ದವ ಹೊಸ್ತಿಲ ದಾಟಂಗಿಲ್ಲ. ಕುಂಡ್ರಂಗಿಲ್ಲ. ಆ ಮನಿ ನೀರ ಮುಟ್ಟಂಗಿಲ್ಲ. ಹೇಳಿ ತಿರುಗಿದ್ಮ್ಯಾಗ ಹಿಂದ ನೋಡಂಗಿಲ್ಲ, ನೋಡಿದ್ರ ಅಲ್ಲೇ ಇನ್ನೊಂದು ಸಾವು ಅಕ್ಕೈತಿ. ನಮ್ಮಪ್ಪ ನನಗ ಕಲಿಸಿದ್ದು ಅದೊಂದೇ ರೀತಿ, ಬ್ಯಾರೇದು ನನಗ ಬರಂಗಿಲ್ಲ. ನಿನಗ ಹಂಗ ಹೇಳಿ, ನೀ ಅಳಾಕ ಹತ್ತಿದ್ರ ಬೆನ್ನು ತಿರುವಿ ಬರ್ಲೇನು ತಮ್ಮಾ? ಅಪ್ಪ ಆಗಿ ಹೇಳೂಣಂದ್ರ ಬಾಯಿ ಬರಲಿಲ್ಲ. ಮಗಗ ಹೇಳದ್ದನ್ನ ಸರಕಾರಕ್ಕ ಹೆಂಗ ಹೇಳ್ಲಿ?’

ತಿಪ್ಪೇಶನ ಕೈಯಲ್ಲಿ ಪೆನ್ನು ಇತ್ತು. ಅದನ್ನು ಹಾಳೆಯ ಮೇಲೆ ಇಟ್ಟುಬಿಟ್ಟ.

‘ಈಗ ಹೇಳು.’

‘ಏನು?’

‘ಅವತ್ತು ಹೇಳಬೇಕಿದ್ದು. ನಿನಗ ಬರೋ ರೀತಿನಾಗ ಹೇಳು. ನನಗ ಯಾರೂ ಹೇಳಿಲ್ಲ.’

ಜೋಗಪ್ಪ ನೆಲಕ್ಕೆ ಕೈ ಊರಿದ. ಆಮೇಲೆ ಎದ್ದ. ಗೂಟದಲ್ಲಿದ್ದ ಟವೆಲು ತೆಗೆದು ಹೆಗಲಿಗೆ ಹಾಕಿದ, ಮೂಲೆಯ ಕೋಲು ತೆಗೆದುಕೊಂಡ, ತನ್ನದೇ ಹೊಸ್ತಿಲು ದಾಟಿ ಹೊರಗೆ ಹೋಗಿ, ಬಿಸಿಲಿನಲ್ಲಿ, ಬಾಗಿಲಿನಿಂದ ದೂರ ನಿಂತ. ದನಿ ಎತ್ತಿದಾಗ ಅದು ಅಪ್ಪನ ದನಿಯಾಗಿರಲಿಲ್ಲ. ಹತ್ತೂರು ಕೇಳಿದ ದನಿ.

‘ಮನ್ಯಾಗ ಯಾರದೀರಪ್ಪೋ! ಹೊಸಹಳ್ಳಿ ಕಡಿ ಸುಂಕಮ್ಮ ತೀರ್ಕೊಂಡ್ಲು. ಮಣ್ಣಿಗೆ ಬರಬೇಕಂತ!’

ಹೇಳಿ ತಿರುಗಿದ. ನಡೆದ.

ತಿಪ್ಪೇಶ ಹೊರಗೆ ಓಡಿ ಬಂದು, ‘ಯಪ್ಪಾ, ನೀರಾದ್ರೂ ಕುಡಿದು ಹೋಗು!’ ಎಂದು ಕೂಗಿದ. ಜೋಗಪ್ಪ ಹಿಂದೆ ನೋಡಲಿಲ್ಲ. ನೋಡಬಾರದು. ಕೋಲು ಊರುತ್ತ ಓಣಿ ತಿರುಗಿ ಮರೆಯಾದ. ಪಕ್ಕದ ಮನೆಯಿಂದ ಚೌಡಕ್ಕ ಇಣುಕಿ, ‘ಏನಾತೋ ತಿಪ್ಪೇಶಿ? ಯಾರು ಹೋದ್ರು?’ ಎಂದಳು. ‘ಅವ್ವ’ ಎಂದ ಇವನು. ಆಕೆ ಏನೂ ತಿಳಿಯದೆ ಒಳಗೆ ಹೋದಳು.

ಚೆಂಬಿನಲ್ಲಿ ನೀರು ಇಟ್ಟುಕೊಂಡು ಅವನು ಸಂಜೆಯ ಬಸ್ಸಿನವರೆಗೆ ಕಾದ. ಅಪ್ಪ ಬರಲಿಲ್ಲ. ಬಸ್ಸು ಊರು ಬಿಟ್ಟ ಮೇಲೆ ಕಿಟಕಿಯಲ್ಲಿ ಕಂಡ. ಮೋರಿಯ ಕಟ್ಟೆಯ ಮೇಲೆ, ರಸ್ತೆಗೆ ಬೆನ್ನು ಮಾಡಿ, ಹೆಗಲ ಮೇಲಿನ ಟವೆಲು ಹಾಗೆಯೇ ಇಟ್ಟುಕೊಂಡು ಕೂತಿದ್ದ. ಸುದ್ದಿ ಕೇಳಿದ ಮನೆಯವನು ಊರು ಬಿಟ್ಟ ಮೇಲೆ ತಾನು ಆ ಮನೆಗೆ ಹೋಗಬಹುದೆಂದು ಕಾಯುತ್ತಿದ್ದನೋ ಏನೋ. ತಿಪ್ಪೇಶ ಕಿಟಕಿಯಿಂದ ಕೈ ಹೊರಗೆ ಹಾಕಿದ, ಕೂಗಲಿಲ್ಲ. ಕುಲುಕುವ ಬಸ್ಸಿನಲ್ಲೇ ‘ಅಲಕ್ಷ್ಯ’ವನ್ನು ಹೊಡೆದು ಹಾಕಿ ಕೆಳಗೆ ಅಪ್ಪನ ಮಾತು ಬರೆದ.

ಮಳೆಗಾಲಕ್ಕೆ ಪುಸ್ತಕ ಬಂತು. ತೆಳ್ಳಗಿನದು, ಹಸಿರು ರಟ್ಟು. ಮೇಡಂ ಅವನ ಬೈಗುಳಗಳನ್ನೆಲ್ಲ ತೆಗೆದು ಹಾಕಿ, ಎರಡು ಕೋಷ್ಟಕ ಸೇರಿಸಿ, ಹೆಸರನ್ನು ‘ಜೆ. ತಿಪ್ಪೇಶ, ಗ್ರಾಮ ಲೆಕ್ಕಿಗ’ ಎಂದು ದಪ್ಪಗೆ ಹಾಕಿಸಿದ್ದರು. ಶಿವಶಂಕರ ಕೊಟ್ಟೂರಿಗೆ ಕರೆಸಿ, ಹಾಸ್ಟೆಲಿನ ಎದುರಿನ ಚಾದಂಗಡಿಯಲ್ಲಿ ಕೂರಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದ. ಕೋಳಿ ಬಂದಲ್ಲಿ ನಕ್ಕ. ‘ಏನ್ ಬರ್ದೀಯಲೇ ಸಾಹೇಬಾ!’ ಎಂದು ಬೆನ್ನಿಗೆ ಗುದ್ದಿದ. ಮೊದಲ ಸಲ ಅವನು ಇವನ ಮೈ ಮುಟ್ಟಿದ್ದು.

ಕೊನೆಗೆ ಒಂದು ಸಾಲಿಗೆ ಬಂದು ನಿಂತ. ‘“ಒಂದು ಮನೆಯಲ್ಲಿ ಮಾತ್ರ, ಸಾವನ್ನು ಮಗನಿಗೆ ಹೇಳಲು ತಂದೆಗೆ ಆಗಲಿಲ್ಲ, ಮಗನಿಗೇ ಹೇಳದ್ದನ್ನು ಸರಕಾರಕ್ಕೆ ಹೇಳುವುದು ಸರಿಯಲ್ಲವೆಂದು ಅವರು ಬರೆಸಲಿಲ್ಲ.” ಇದು ಯಾವ ಮನಿ ಲೇ?’

ತಿಪ್ಪೇಶ ರಸ್ತೆಯ ಆಚೆ ನೋಡಿದ. ಹಾಸ್ಟೆಲಿನ ಗೇಟು ತೆರೆದಿತ್ತು. ಒಳಗೆ ಬೇವಿನ ಕಟ್ಟೆ, ಮಳೆಗೆ ನೆನೆದು, ಖಾಲಿ.

‘ಹೆಸರು ಹೇಳಂಗಿಲ್ಲಪ್ಪ’ ಎಂದ. ‘ಹಂಗಂತ ರೂಲ್ಸ್ ಐತಿ.’