ಸಾಲಿನ ನಡುವಿನ ಅಕ್ಷರ

"ಇದು?"

"ಪ."

"ಇದು?"

"ಟ. ಇನ್ನೂ ಚಿಕ್ಕದು ಮಾಡ್ಲಾ ಸಾರ್?" ಎಂದಳು ಚಿನಕುರಳಿ. ಕ್ಷೌರದಂಗಡಿಯಲ್ಲಿ ಅಪ್ಪ ಗಿರಾಕಿಯ ಕಿವಿಯ ಬಳಿ ಬಗ್ಗಿ ಕೇಳುವ ಧಾಟಿಯೇ, ಕೊನೆಯ ಕೆಮ್ಮಿನ ಸಮೇತ.

ಕಣ್ಣು ಪರೀಕ್ಷಿಸುವ ಮೇಡಂ ನಕ್ಕರು. ಮೂಲೆಯ ಸ್ಟೂಲಿನಲ್ಲಿದ್ದ ಅಪ್ಪನ ಎದೆ ಉಬ್ಬಿತು. ಮಗಳ ಬಲಗಣ್ಣು ಚುರುಕು, ಎಡಗಣ್ಣು ಮೈಗಳ್ಳ. ಮೈಗಳ್ಳನಿಗೆ ಕೆಲಸ ಹಚ್ಚಲೆಂದು ಕೆಲಸಗಾರನಿಗೇ ಏಳು ತಿಂಗಳಿಂದ ಪಟ್ಟಿ ಅಂಟಿಸಿ ಕೂರಿಸಿದ್ದರು. ಇವತ್ತು ಕೊನೆಯ ಸಾಲು ಓದಿಬಿಟ್ಟರೆ ಪಟ್ಟಿ ತೆಗೆಯಬಹುದಿತ್ತು. ಸೋಮವಾರ ಎರಡೂ ಕಣ್ಣು ಬಿಟ್ಟುಕೊಂಡು ಬರ್ತೀನಿ ಎಂದು ಅವಳು ತರಗತಿಯಲ್ಲಿ ಡಂಗುರ ಸಾರಿಯಾಗಿತ್ತು. ಯಾರು ಕೇಳಿಸಿಕೊಂಡರೋ! ಹುಡುಗಿಯರು ಅವಳನ್ನು ಚೆಂಡಾಟಕ್ಕೆ ಕರೆಯುವುದು ಬಿಟ್ಟು ಬಹಳ ದಿನವಾಗಿತ್ತು. ಅವಳು ಕೈ ಚಾಚುವಷ್ಟರಲ್ಲಿ ಚೆಂಡು ಮೂಗಿಗೆ ಬಡಿದಿರುತ್ತಿತ್ತು.

ಮೇಡಂ ಗುಂಡಿ ಒತ್ತಿದರು. ಇಲ್ಲಿಯವರೆಗೆ ಪರದೆಯ ಮೇಲೆ ಒಂದೊಂದಾಗಿ ಬಂದಿದ್ದ ಅದೇ ಅಕ್ಷರಗಳು, ಅದೇ ಗಾತ್ರ. ಈಗ ಐದೂ ಒತ್ತೊತ್ತಾಗಿ. "ಮಧ್ಯದ್ದು ಯಾವುದು ಪುಟ್ಟಿ?"

ಚಿನಕುರಳಿ ಕತ್ತು ಆ ಕಡೆ ಓರೆ ಮಾಡಿದಳು, ಈ ಕಡೆ ಓರೆ ಮಾಡಿದಳು. "ಅಲ್ಲಿ ತುಂಬಾ ಜನ ಇದ್ದಾರೆ."

"ಜನ ಅಲ್ಲ ಕಣೇ, ಅಕ್ಷರ," ಎಂದ ಅಪ್ಪ.

"ಅವೇ. ಒಬ್ಬರ ಮೇಲೊಬ್ಬರು ಬೀಳ್ತಿದ್ದಾರೆ."

ಅಪ್ಪ ಎದ್ದುನಿಂತ. "ಮನೇಲಿ ಎಲ್ಲಾ ಓದ್ತಾಳೆ ಮೇಡಂ. ದಿನಾ ನಾನೇ ಓದಿಸ್ತೀನಿ."

"ಹೇಗೆ ಓದಿಸ್ತೀರಿ?"

"ನೀವು ಕೊಟ್ಟ ಹಾಳೇನ ಕತ್ತರಿಸಿ, ಒಂದೊಂದೇ ಅಕ್ಷರ ಹಿಡಿದು ತೋರಿಸ್ತೀನಿ. ಸಾಲಾಗಿದ್ರೆ ಅಳ್ತಾಳೆ. ಕತ್ತರಿ ಹೇಗೂ ಕೈಯಲ್ಲೇ ಇರುತ್ತೆ..."

ಮೇಡಂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಒಂಟಿ ಅಕ್ಷರ ಈ ಕಣ್ಣಿಗೆ ಈಗ ಸುಲಭ. ಅಕ್ಕಪಕ್ಕ ಯಾರಾದ್ರೂ ನಿಂತ್ರೇನೇ ಕಷ್ಟ. ಅದನ್ನೇ ಅದು ಕಲೀಬೇಕಿತ್ತು," ಎಂದರು.

ಆಮೇಲೆ ಎರಡು ಕಣ್ಣೂ ಜೊತೆಯಾಗಿ ನೋಡುತ್ತವೆಯೇ ಎಂದು ತಿಳಿಯಲು ಪಟ್ಟಿ ಬಿಚ್ಚಿ, ಅವಳಿಗೆ ಕಪ್ಪು ಕನ್ನಡಕ ಹಾಕಿ, ದೊಡ್ಡ ನೊಣದ ಚಿತ್ರವೊಂದನ್ನು ಮುಂದಿಟ್ಟರು. "ರೆಕ್ಕೆ ಹಿಡ್ಕೋ."

ಅವಳು ಕಾಗದವನ್ನು ಉಗುರಿನಿಂದ ಕೆರೆದಳು. "ಚಿತ್ರನ ಹೇಗೆ ಹಿಡ್ಕೊಳ್ಳೋದು?"

ಅಪ್ಪ ಕನ್ನಡಕ ಇಸಕೊಂಡು ನೋಡಿ ಬೆಚ್ಚಿಬಿದ್ದ. ರೆಕ್ಕೆಗಳು ಎದ್ದು ನಿಂತಿದ್ದವು. ಅವನ ಬೆರಳುಗಳು ಹಾಳೆಗಿಂತ ಒಂದೆರಡು ಅಂಗುಲ ಮೇಲೆ ಸೇರಿಕೊಂಡವು.

"ಅಯ್ಯೋ ಅಪ್ಪಾ, ಗಾಳೀಲಿ ಏನು ಹಿಡೀತಿದ್ದೀಯಾ?" ಚಿನಕುರಳಿ ಬಿದ್ದು ಬಿದ್ದು ನಕ್ಕಳು.

"ಏನಿಲ್ಲ ಕಣೇ," ಎಂದು ಅವನು ಕನ್ನಡಕ ತೆಗೆದಿಟ್ಟ.

ಇನ್ನೂ ಆರು ತಿಂಗಳು ಪಟ್ಟಿ, ಎಂದು ಮೇಡಂ ಬರೆದರು. ಅವಳು ನಗುವುದನ್ನು ನಿಲ್ಲಿಸಿದಳು. ಯಾರೂ ಹೇಳದೆಯೇ ಪಟ್ಟಿ ತೆಗೆದುಕೊಂಡು ತಾನೇ ಅಂಟಿಸಿಕೊಂಡು, ಅಂಚುಗಳನ್ನು ಒತ್ತತೊಡಗಿದಳು.

ಹೊಸ ಪಟ್ಟಿಗಳಿಗಾಗಿ ಅಪ್ಪ ಹೊರಗಿನ ಔಷಧಿ ಕಿಟಕಿಯ ಸಾಲಿನಲ್ಲಿ ನಿಂತ. ಹಿಂದೆ ಮುಂದೆ ಹತ್ತಾರು ಜನ, ಭುಜಕ್ಕೆ ಭುಜ. ಸ್ವಲ್ಪ ಹೊತ್ತಿಗೆ ಮಗಳು ಪರೀಕ್ಷೆಯ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅವಳ ಕಣ್ಣು ಸಾಲಿನುದ್ದಕ್ಕೂ ಹರಿದು, ಅವನ ಮುಖವನ್ನು ದಾಟಿ ಮುಂದೆ ಹೋಯಿತು.

ಅವನು ಕೈ ಎತ್ತಲು ಹೋದ. ಒಂದು ಕಾಲನ್ನು ಸಾಲಿನಿಂದ ಹೊರಗಿಟ್ಟೂ ಬಿಟ್ಟ. ಮತ್ತೆ ಮೆಲ್ಲನೆ ಒಳಕ್ಕೆಳೆದುಕೊಂಡು, ಇಬ್ಬರು ಅಪರಿಚಿತರ ನಡುವೆ, ಅವಳ ಕಡೆಗೇ ಮುಖ ಮಾಡಿ ಅಲುಗಾಡದೆ ನಿಂತ. ಸಾಲಿನ ಕೊನೆ ಮುಟ್ಟಿದ ಅವಳ ಕಣ್ಣು ಇನ್ನೂ ಹಿಂದಿರುಗಿರಲಿಲ್ಲ.