ಅರ್ಧ ಗಂಟೆಯ ನೀರು

ಬಿಂದಿಗೆ ಅರ್ಧವಷ್ಟೇ ಆಗಿತ್ತು, ನಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಭಾನುಪ್ರಿಯಾ ತಿರುಪನ್ನು ಪೂರ್ತಿ ತಿರುಗಿಸಿ ನೋಡಿದಳು. ಮನೆಯ ಮುಂದಿನ ಬೆಂಚಿನ ಮೇಲೆ ಅವಳ ಅಪ್ಪ ಮಂಚಯ್ಯನ ದೇಹವಿತ್ತು. ಮೀಯಿಸಿ, ಹೊಸ ಪಂಚೆ ಉಡಿಸಿ, ಮಧ್ಯಾಹ್ನ ಮೂರು ಗಂಟೆಯೊಳಗೆ ಮಣ್ಣಿಗೆ ಒಯ್ಯಬೇಕು. ಮನೆಯಲ್ಲಿ ಹಿಡಿದಿಟ್ಟಿದ್ದ ನೀರು ಬೆಳಗಿನಿಂದ ಬಂದವರ ಬಾಯಾರಿಕೆಗೇ ಮುಗಿದಿತ್ತು.

ಚಿಕ್ಕಪ್ಪನ ಮಗ ನಟರಾಜು ಟ್ಯಾಂಕಿನ ಹತ್ತಿರ ಹೋಗಿ ಬಂದ. ಕಾಲೋನಿಗೆ ಅರ್ಧ ಗಂಟೆ ಬಿಟ್ಟಾಯಿತು, ಮೇಲ್ಬೀದಿಗೂ ಅಷ್ಟೇ ಬಿಟ್ಟಿದ್ದು, ಪಂಚಾಯಿತಿ ಆರ್ಡರು ಹಾಗೇ ಇದೆ ಎಂದನಂತೆ ಹೊಸ ನೀರುಗಂಟಿ ನಾಗೇಶ.

"ಬೈಕಲ್ಲಿ ಮೇಲ್ಬೀದಿಯಿಂದ ನಾಕು ಬಿಂದಿಗೆ ತತ್ತೀನಿ ತಡಿ ಅಕ್ಕ. ಅಲ್ಲಿ ಡ್ರಮ್ಮೆಲ್ಲಾ ತುಂಬವೆ."

"ಬ್ಯಾಡ," ಎಂದಳು ಭಾನುಪ್ರಿಯಾ. "ಮೇಲ್ಬೀದಿ ನೀರು ಕದ್ದ ಅನ್ನಿಸ್ಕಂಡು ಸತ್ತವ್ನೆ ನಮ್ಮಪ್ಪ. ಆ ನೀರಲ್ಲೇ ಮೀಯಿಸ್ಬೇಕಾ?"

ಬೆಂಚಿನ ಪಕ್ಕ ಕೂತಿದ್ದ ತಾಯಿ ಸಣ್ಣಕ್ಕ ಸೆರಗಿನಿಂದ ಗಂಡನ ಮುಖದ ನೊಣ ಓಡಿಸಿದಳು.

*

ಮಲ್ಲಿಪಟ್ಟಣದ ಹತ್ತಿರದ ಆ ಊರಿಗೆ ಇಪ್ಪತ್ತಾರು ವರ್ಷ ನೀರು ಬಿಟ್ಟವನು ಮಂಚಯ್ಯ. ಟ್ಯಾಂಕು ತುಂಬಿದ ಕೂಡಲೇ ಮೇಲ್ಬೀದಿಗೆ ಇಪ್ಪತ್ತು ನಿಮಿಷ, ಆಮೇಲೆ ಕಾಲೋನಿಗೆ ಒಂದೂಕಾಲು ಗಂಟೆ. ಮಗಳು ಚಿಕ್ಕವಳಿದ್ದಾಗ ಅವಳ ಕೈಗೆ ವಾಚು ಕೊಟ್ಟು ಕೊನೆಯ ನಲ್ಲಿಯ ಹತ್ತಿರ ಕೂರಿಸುತ್ತಿದ್ದ. ತುಂಬಿದ ಟ್ಯಾಂಕಿನಿಂದ ಬಿಟ್ಟರೆ ಬಿಂದಿಗೆಗೆ ಒಂದು ನಿಮಿಷ. ಟ್ಯಾಂಕು ಅರ್ಧಕ್ಕಿಳಿದರೆ ನಾಲ್ಕು. ಇನ್ನೂ ಇಳಿದರೆ ಹತ್ತು, ಹದಿನೈದು. ನಮಗೇ ಮೊದಲು ಬಿಡಬಾರದಾ ಎಂದು ಅವಳು ಕೇಳಿದ್ದಳು.

"ಮೇಲ್ಬೀದಿ ದಿಬ್ಬದ ಮೇಲೈತೆ. ಟ್ಯಾಂಕು ತುಂಬಿದ್ರೇನೆ ಅಲ್ಲಿಗೆ ಏರೋದು. ನಮ್ದು ತಗ್ಗು, ನಿಧಾನಕ್ಕಾದ್ರೂ ಬತ್ತದೆ. ಗಡಿಯಾರ ನೋಡಿ ಬಿಡಬಾರ್ದು ಕಣವ್ವ, ಬಿಂದಿಗೆ ನೋಡಿ ಬಿಡಬೇಕು."

ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಬದಲಾವಣೆಯ ದರದ ಪಾಠದಲ್ಲಿ ಬರಿದಾಗುವ ಟ್ಯಾಂಕಿನ ಲೆಕ್ಕ ಬಂತು. ಊರಿಗೆ ಬಂದು ಅಪ್ಪನಿಗೆ ಅರ್ಧ ಪುಟ ಮಾಡಿ ತೋರಿಸಿದಳು. ಅವನು ನೋಡಿ, ಇಷ್ಟು ಬರೆಯುವ ಹೊತ್ತಿಗೆ ಎರಡು ಬಿಂದಿಗೆ ತುಂಬಿರೋದು ಎಂದ.

ಮೂರು ತಿಂಗಳ ಹಿಂದೆ ಮೇಲ್ಬೀದಿಯ ಮೆಂಬರ್ ದೇವರಾಜು, ಮಂಚಯ್ಯ ತನ್ನ ಕಾಲೋನಿಯವರಿಗೆ ನಾಲ್ಕರಷ್ಟು ಹೊತ್ತು ಬಿಡುತ್ತಾನೆಂದು ದೂರು ಕೊಟ್ಟ. ಮೊದಲು ಮೇಲ್ಬೀದಿಗೆ, ಆಮೇಲೆ ಕಾಲೋನಿಗೆ, ಅರ್ಧರ್ಧ ಗಂಟೆ ಎಂದು ಪಂಚಾಯಿತಿಯಲ್ಲಿ ಆರ್ಡರಾಯಿತು. ಮಂಚಯ್ಯ ಎರಡು ದಿನ ಹಾಗೇ ಬಿಟ್ಟು, ಮೂರನೆಯ ದಿನ ತನ್ನ ಲೆಕ್ಕಕ್ಕೆ ಮರಳಿದ. ಆ ವಾರವೇ ಅವನನ್ನು ತೆಗೆದರು.

*

ಹನ್ನೆರಡು ಗಂಟೆಗೆ ದೇವರಾಜು ಹಾರ ಹಿಡಿದು ಬಂದ. ಭಾನುಪ್ರಿಯಾ ಅವನನ್ನು ನಲ್ಲಿಯ ಹತ್ತಿರ ಕರೆದಳು.

"ದೇವರಾಜಣ್ಣ, ಮೀಯಿಸೋಕೆ ಮೂರು ಬಿಂದಿಗೆ ಬೇಕು. ನಾಗೇಶಂಗೆ ಹೇಳಿ ಇನ್ನರ್ಧ ಗಂಟೆ ಬಿಡಿಸಿ. ನೀವು ಇಲ್ಲೇ ನಿಂತಿರಿ."

"ಅರ್ಧ ಗಂಟೇಲಿ ಮೂರೇನವ್ವ, ಮೂವತ್ತು ತುಂಬ್ತವೆ," ಎಂದು ದೇವರಾಜು ಫೋನ್ ಮಾಡಿದ.

ಹತ್ತು ನಿಮಿಷ ಬರೀ ಗಾಳಿ ಬಂತು. ಆಮೇಲೆ ದಾರದಂಥ ನೀರು. ಅರ್ಧವಿದ್ದ ಬಿಂದಿಗೆ ತುಂಬಿತು. ಹೆಂಗಸರು ಅದನ್ನು ಒಯ್ದು ಒಲೆಯ ಮೇಲಿಟ್ಟರು. ಕೂರಲು ಯಾರೋ ಕುರ್ಚಿ ತಂದರೂ ದೇವರಾಜು ಕೂರಲಿಲ್ಲ. ನಾಗೇಶನ ಫೋನ್ ಬಂತು.

"ಅಣ್ಣ, ಟೈಮಾಯ್ತು. ನಿಲ್ಲಿಸ್ಲಾ?"

ದೇವರಾಜು ಬಗ್ಗಿ ಎರಡನೆಯ ಬಿಂದಿಗೆಯೊಳಗೆ ನೋಡಿದ. ತಳದಿಂದ ನಾಲ್ಕು ಬೆರಳು ನೀರಿತ್ತು.

"ಬ್ಯಾಡ ಕಣ್ಲಾ."

ಎಷ್ಟು ಹೊತ್ತು ಬಿಡಲಿ ಎಂದು ನಾಗೇಶ ಕೇಳುತ್ತಲೇ ಇದ್ದ. ದೇವರಾಜು ಫೋನನ್ನು ಜೇಬಿಗೆ ಹಾಕಿದ. ಹಾರವನ್ನು ನಟರಾಜುವಿನ ಕೈಗೆ ಕೊಟ್ಟು, ಪಂಚೆ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತ. ಅವನ ಬೆನ್ನ ಹಿಂದೆ ಸಣ್ಣಕ್ಕ ಗಂಡನ ತಲೆಯ ಮೇಲೆ ಮೊದಲ ಚೊಂಬು ಬಿಸಿನೀರು ಹೊಯ್ದಳು. ಗಾಳಿಗೆ ನಲ್ಲಿಯ ದಾರ ವಾಲಿ ಬಿಂದಿಗೆಯ ಕಂಠಕ್ಕೆ ತಾಗಿ ಹೊರಗೆ ಸಿಡಿಯುತ್ತಿತ್ತು. ದೇವರಾಜು ಎರಡೂ ಕೈಯಲ್ಲಿ ಬಿಂದಿಗೆ ಹಿಡಿದು, ನೀರು ವಾಲಿದ ಕಡೆಗೆ ಎರಡು ಬೆರಳಷ್ಟು ಸರಿಸಿದ.