ಸಮುದ್ರಕ್ಕೆ ಒಂದು ಕಪಾಟು

ನಮ್ಮನೆಯವರಿಗೆ ಲಾರಿ ಖಾಲಿ ಹೋದರೆ ಊಟ ಸೇರುವುದಿಲ್ಲ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ನಮ್ಮ ಕಸುಬು. ಇರುವುದು ಒಂದೇ ಲಾರಿ. ಎತ್ತುವುದಕ್ಕೆ, ಇಳಿಸುವುದಕ್ಕೆ ಇವರು ಮತ್ತು ಇವರ ಹಳೆಯ ಜೊತೆಗಾರ ಗಿಡ್ಡಣ್ಣ. ಒಂದು ಊರಿನಲ್ಲಿ ಮಂಚ ಇಳಿಸಿದ ಮೇಲೆ ಸುಮ್ಮನೆ ತಿರುಗಿ ಬರೋಣ ಎಂದು ಇವರಿಗೆ ಅನಿಸಿದ್ದೇ ಇಲ್ಲ. ಅಲ್ಲಿ ಇಲ್ಲಿ ವಿಚಾರಿಸಿ, ಪರಿಚಯದವರಿಗೆಲ್ಲ ಫೋನು ಮಾಡಿ, ಕಡೆಗೆ ಒಂದು ಮುರುಕಲು ಸೋಫಾ ಆದರೂ ಹೇರಿಕೊಂಡು ಬಂದರೇನೇ ಜೀವಕ್ಕೆ ಸಮಾಧಾನ.

ಇದರ ಫಲ ಉಂಡವಳು ನಾನು. ಮದುವೆಯಾದ ಹೊಸತರಲ್ಲಿ ಊರು ಸುತ್ತಿಸುತ್ತೇನೆ ಎಂದು ಕರೆದುಕೊಂಡು ಹೋದವರು ನನ್ನ ತೊಡೆಯ ಮೇಲೆ ಯಾರದೋ ಗೋಡೆ ಗಡಿಯಾರ ಇಟ್ಟರು. ಅದು ಒಡೆಯಬಾರದು ಎಂದು ಇಡೀ ದಾರಿ ಅದನ್ನು ಮಗುವಿನಂತೆ ಅಪ್ಪಿಕೊಂಡು ಕೂತಿದ್ದೆ. ನನ್ನ ತಂಗಿಯ ಮದುವೆಗೆ ಹೊರಟಾಗ, ದಾರಿಯಲ್ಲೇ ಇದೆಯಲ್ಲ ಎಂದು ಒಬ್ಬರ ಮನೆಗೆ ವಾಷಿಂಗ್ ಮಷೀನ್ ಇಳಿಸಲು ಹೋದೆವು. ನಾವು ಮುಟ್ಟುವ ಹೊತ್ತಿಗೆ ಫೋಟೋದವನು ಕ್ಯಾಮೆರಾ ಸ್ಟ್ಯಾಂಡು ಮಡಚುತ್ತಿದ್ದ. ಮದುವೆಯ ಒಂದು ಫೋಟೋದಲ್ಲೂ ನಾನಿಲ್ಲ ಎಂದು ತಂಗಿ ಇವತ್ತಿಗೂ ಎತ್ತಿ ಆಡುತ್ತಾಳೆ.

ಹಾಗಾಗಿ, ಮಗಳ ಹೆರಿಗೆಗೆಂದು ಗಿಡ್ಡಣ್ಣ ರಜೆ ಹಾಕಿ ಊರಿಗೆ ಹೊರಟಾಗ ನಾನು ಪಟ್ಟು ಹಿಡಿದೆ. ಹೇಗೂ ಕೆಲಸ ನಿಲ್ಲುತ್ತದೆ, ಸಮುದ್ರದ ಊರಿಗೆ ಹೋಗಿಬರೋಣ. ರೈಲಿನಲ್ಲಿ. ಲಾರಿ ಶೆಡ್ಡಿನಲ್ಲೇ ಇರಲಿ, ಅದಕ್ಕೂ ರಜೆ. ನನಗೆ ಬೇಕಾಗಿದ್ದದ್ದು ಇಷ್ಟೇ. ಇವರು ಒಂದು ಸಲ, ಜೀವಮಾನದಲ್ಲಿ ಒಂದೇ ಸಲ, ಕೈಯಲ್ಲಿ ಏನೂ ಹಿಡಿಯದೆ ನನ್ನ ಪಕ್ಕ ನಿಂತು ಸಮುದ್ರ ನೋಡಬೇಕು. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಅತ್ತೆಯವರ ಆರೋಗ್ಯಕ್ಕೆ ಒಳ್ಳೆಯ ಗಾಳಿ ಬೇಕು ಎಂದೆ. ಅತ್ತೆ ಪಕ್ಕದಲ್ಲೇ ಕೂತು, ತಮ್ಮ ಆರೋಗ್ಯಕ್ಕೆ ಏನಾಗಿದೆ ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ಏನನ್ನಿಸಿತೋ, ಕೆಮ್ಮಿದರು.

ಸಮುದ್ರವನ್ನು ನಾನೂ ಕಂಡವಳಲ್ಲ, ಅತ್ತೆಯೂ ಕಂಡವರಲ್ಲ. ಆದರೆ ಆ ಊರು ನಮಗಿಬ್ಬರಿಗೂ ಬಾಯಿಪಾಠ. ಇವರು ವರ್ಷಕ್ಕೆ ಹತ್ತಾರು ಸಲ ಅಲ್ಲಿಗೆ ಸಾಮಾನು ಒಯ್ದು, ಬಂದ ದಿನ ಊಟಕ್ಕೆ ಕೂತಾಗ ಅದೇ ಕಥೆ. ಸಮುದ್ರ ಒಂದು ದಿನ ನೀಲಿ ಇತ್ತಂತೆ, ಇನ್ನೊಂದು ದಿನ ಮಂಕಾಗಿತ್ತಂತೆ. ಅಂಗಡಿಯ ಬೋರ್ಡಿನಲ್ಲಿ ಮೂರು ಲಿಪಿ ಇರುತ್ತದಂತೆ, ಒಳಗೆ ಕೂತವನು ನಾಲ್ಕನೇ ಭಾಷೆಯಲ್ಲಿ ಬೈಯುತ್ತಾನಂತೆ. ಹಡಗು ಹತ್ತಿ ಬಂದವರು, ಹಡಗು ತಪ್ಪಿಸಿಕೊಂಡು ಅಲ್ಲೇ ಉಳಿದವರು, ಬೆಟ್ಟ ಇಳಿದು ಬಂದವರು, ಎಲ್ಲರೂ ಒಬ್ಬರ ಮನೆಗೊಬ್ಬರು ಸೊಸೆಯಾಗಿ ಅಳಿಯನಾಗಿ ಹೊಕ್ಕು, ಈಗ ನೀವು ಯಾವ ಕಡೆಯವರು ಎಂದು ಕೇಳಿದರೆ ಅವರೇ ಸ್ವಲ್ಪ ಹೊತ್ತು ಯೋಚಿಸುತ್ತಾರಂತೆ. ಅಲ್ಲೊಬ್ಬರು ಮೂರನೇ ಮಹಡಿ ಅಜ್ಜಿ ಇದ್ದಾರೆ, ಇವರ ಹಳೆಯ ಗಿರಾಕಿ. ಅವರು ಲೆಕ್ಕ ಹಾಕುವುದು ತವರಿನ ಭಾಷೆಯಲ್ಲಿ, ಗದರುವುದು ಅತ್ತೆಮನೆಯ ಭಾಷೆಯಲ್ಲಿ, ಮೊಮ್ಮಕ್ಕಳನ್ನು ಮುದ್ದಿಸುವುದು ಸೊಸೆ ತಂದ ಭಾಷೆಯಲ್ಲಿ. ಅವರ ಮನೆಯ ಒಂದೊಂದು ಮಂಚ ಒಂದೊಂದು ದೇಶದ್ದು. ಯಾವುದರ ಕಾಲು ಬಿಚ್ಚಲು ಬರುತ್ತದೆ, ಯಾವುದರದು ಬರುವುದಿಲ್ಲ ಎಂದು ಇವರಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು.

ಯೋಜನೆ ಶುರುವಾದದ್ದು ಅಡುಗೆಮನೆಯ ಮೇಜಿನ ಸುತ್ತ. ನಾನು ನೋಡಿಟ್ಟ ಮೊದಲ ಲಾಡ್ಜನ್ನು ಇವರು ಕೇಳಿದ ತಕ್ಷಣ ತಳ್ಳಿಹಾಕಿದರು. ಅದರ ಮೆಟ್ಟಿಲು ಸುರುಳಿ ಸುರುಳಿಯಾಗಿದೆ, ಬೀರು ತಿರುಗುವುದಿಲ್ಲ. ನಾವು ಒಯ್ಯುವುದು ಆಳಿಗೊಂದು ಚೀಲ ಎಂದು ನೆನಪಿಸಿದೆ. ಇರಬಹುದು, ಆದರೂ ಅಂಥ ಮನೆ ಒಳ್ಳೆಯದಲ್ಲ ಎಂದರು. ಎರಡನೆಯದರ ಬಾಗಿಲು ಕಿರಿದು. ಮೂರನೆಯದರ ಓನರ್ ಒಮ್ಮೆ ಸೋಫಾಗೆ ಗೀರು ಬಿತ್ತೆಂದು ಜಗಳ ತೆಗೆದಿದ್ದನಂತೆ. ಹಳೆಯ ಮಾರುಕಟ್ಟೆ ನೋಡೋಣ ಎಂದರೆ, ಅಲ್ಲಿ ಲಾರಿ ಹಿಂದಕ್ಕೆ ತೆಗೆಯಲು ಜಾಗವೇ ಇಲ್ಲ. ಮ್ಯೂಸಿಯಂಗೆ ಹೋಗೋಣ ಎಂದರೆ, ಹಿಂಬಾಗಿಲು ಭೇಷಾಗಿದೆ, ಆನೆಯನ್ನೂ ನುಗ್ಗಿಸಬಹುದು ಎಂದು ಸರ್ಟಿಫಿಕೇಟು ಕೊಟ್ಟರು. ಮುಂಬಾಗಿಲು ಹೇಗಿದೆ ಎಂದು ಕೇಳಿದೆ. ಅದನ್ನು ಗಮನಿಸಿಲ್ಲ ಎಂದರು.

ಅತ್ತೆಯವರದ್ದು ಬೇರೆಯೇ ರಾಗ. ಅವರಿಗೆ ಮೆಟ್ಟಿಲು ಆಗದು, ಮರಳು ಆಗದು, ಬಿಸಿಲು ಆಗದು. ಮಲಗಿದಲ್ಲಿಂದ ಸಮುದ್ರ ಕಾಣಬೇಕು.

"ನಾನು ಅದರ ಹತ್ತಿರ ಹೋಗಲ್ಲ. ಬೇಕಿದ್ರೆ ಅದೇ ಕಾಣಿಸಿಕೊಳ್ಳಲಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಅಲ್ಲಿಂದಲೇ ನನಗೆ ಅನುಮಾನ ಹುಟ್ಟಿದ್ದು. ಸಮುದ್ರ ಕಾಣುವ ಕೋಣೆ ಯಾವ ಬೀದಿಯಲ್ಲಿ ಸಿಕ್ಕೀತು ಎಂದು ಇವರನ್ನು ಕೇಳಿದೆ. ಮಾರುಕಟ್ಟೆಯ ಆಚೆಗೆ ಎಂದರು. ಮಾರನೆಯ ದಿನ ಅದು ಪೋಸ್ಟ್ ಆಫೀಸಿನ ಹಿಂದಕ್ಕೆ ಹೋಗಿತ್ತು. ಒಂದು ಕಡೆ ಗಟ್ಟಿಯಾಗಿ ಹೇಳಿ ಎಂದರೆ, ಸಮುದ್ರ ಎಂದ ಮೇಲೆ ಎಲ್ಲ ಕಡೆ ಇರುತ್ತದೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅತ್ತೆ ಹೌದಲ್ಲ ಎಂದು ತಲೆ ಆಡಿಸಿದರು. ಮಗ ಹೇಳಿದ್ದಕ್ಕೆ ಅವರು ತಲೆ ಆಡಿಸದೆ ಇದ್ದದ್ದು ನಾನು ಕಂಡಿಲ್ಲ. ಇಷ್ಟು ವರ್ಷ ಆ ಊರಿಗೆ ಓಡಾಡಿದ ಮನುಷ್ಯ, ಅಲ್ಲಿನ ಕಪಾಟುಗಳ ಕೀಲು ಕೀಲು ಬಲ್ಲ ಮನುಷ್ಯ, ಸಮುದ್ರದ ವಿಷಯ ಬಂದ ಕೂಡಲೇ ಯಾಕೆ ತಡವರಿಸಬೇಕು? ನನ್ನ ತಲೆಗೆ ಬರಬಾರದ್ದೆಲ್ಲ ಬಂತು. ಆ ಮೂರನೇ ಮಹಡಿ ಅಜ್ಜಿ ನಿಜವಾಗಿಯೂ ಅಜ್ಜಿಯೇ ಹೌದೋ ಅಲ್ಲವೋ ಎನ್ನುವವರೆಗೆ ಹೋಗಿಬಂದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಚೀಲ ಕಟ್ಟಿಟ್ಟು, ಟೀ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಇವರು ಲಾರಿಯ ಹಿಂಬದಿಯಲ್ಲಿ ನನಗೆ ಬೆನ್ನು ಹಾಕಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು.

"ಆಯ್ತಮ್ಮ, ಹೇಗಿದ್ರೂ ಬರ್ತಾ ಇದೀವಿ. ಒಂದೇ ಕಪಾಟು ತಾನೆ? ನಿಮ್ಮ ತಂಗಿ ಮನೆಯಿಂದ ಬೆಳಿಗ್ಗೆ ನಾನೇ ಹೇರಿಕೊಳ್ತೀನಿ. ರೈಲಿಗೇನು, ಬೇಡ ಅಂದ್ರಾಯ್ತು. ಮನೇಲಿ ನಾನು ಹೇಳ್ತೀನಿ."

ಮೂರನೇ ಮಹಡಿ ಅಜ್ಜಿಯ ತಂಗಿ ನಮ್ಮೂರಿನಲ್ಲೇ ಇರುವವರು. ಚಿಕ್ಕ ಮನೆಗೆ ಹೋಗುತ್ತಿರುವುದರಿಂದ ತಮ್ಮ ಕಪಾಟನ್ನು ಅಕ್ಕನಿಗೆ ಕಳಿಸುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು. ಆಗ ನನ್ನ ಕಿವಿಗೆ ಬಿದ್ದದ್ದು ರೈಲು ಬೇಡ ಎಂಬ ಮಾತೊಂದೇ. ಸಿಟ್ಟು ನೆತ್ತಿಗೇರಿತು. ಟೀಯನ್ನು ಅಲ್ಲೇ ನಿಂತು ನಾನೇ ಕುಡಿದೆ. ಒಳಗೆ ಬಂದು ಚೀಲ ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಬೀರುವಿನಲ್ಲಿ ಇಡತೊಡಗಿದೆ. ಇವರು ಬಂದು ಬಾಗಿಲಲ್ಲಿ ನಿಂತರು. ಕೇಳಿಸಿಕೊಂಡೆಯಾ ಎಂದು ಕೇಳಲಿಲ್ಲ. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

"ನೀವು ಹೋಗಿಬನ್ನಿ, ನಿಮ್ಮ ಕಪಾಟಿನ ಜೊತೆ. ಅದಕ್ಕೇ ಸಮುದ್ರ ತೋರಿಸಿ" ಎಂದೆ. "ಒಂದೇ ಒಂದು ಸಲ ಕೈ ಖಾಲಿ ಇಟ್ಕೊಂಡು ನನ್ನ ಜೊತೆ ಬರೋಕೆ ನಿಮಗೆ ಅಷ್ಟು ಕಷ್ಟಾನಾ?"

ಇವರು ಮಂಚದ ತುದಿಯಲ್ಲಿ ಕೂತರು. ಆಮೇಲೆ ನೆಲ ನೋಡುತ್ತಾ ಹೇಳಿದರು.

"ನಾನು ಆ ಊರಿನ ಸಮುದ್ರ ನೋಡಿಲ್ಲ ಕಣೆ."

ನನ್ನ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಮತ್ತೆ ಇಷ್ಟು ವರ್ಷ ಹೇಳಿದ್ದು ಯಾರ ಸಮುದ್ರ ಎಂದು ಕೇಳಿದೆ.

"ಗಿಡ್ಡಣ್ಣಂದು" ಎಂದರು. "ಸಾಮಾನು ಮೇಲೆ ಹತ್ತಿಸುವಾಗ ಕೆಳಗೆ ಹಿಡಿಯೋನು ನಾನು. ಭಾರ ಎಲ್ಲ ಕೆಳಗಿನವನ ಮೇಲೆ ತಾನೆ? ನನ್ನ ಮೂಗಿನ ಮುಂದೆ ಇರೋದು ಹಲಗೆ. ಅವನು ಮೇಲೆ ಹಿಡಿದು ಹಿಮ್ಮುಖವಾಗಿ ಹತ್ತುತ್ತಾನೆ, ಅವನಿಗೆ ನನ್ನ ಬೆನ್ನ ಹಿಂದಿನ ಮೆಟ್ಟಿಲ ಕಿಟಕಿಯಲ್ಲಿ ಸಮುದ್ರ ಕಾಣುತ್ತೆ. ಇವತ್ತು ನೀಲಿ ಇದೆ ಅಂತಾನೆ, ಇವತ್ತು ಮಂಕಾಗಿದೆ ಅಂತಾನೆ. ಅದನ್ನೇ ನಿಂಗೆ ಬಂದು ಹೇಳ್ತಿದ್ದೆ. ಇಳಿಸಿದ ಮೇಲೆ ವಾಪಸ್ ಲೋಡ್ ಹುಡುಕಬೇಕಲ್ಲ, ಮೆಟ್ಟಿಲು ಇಳಿಯೋವಾಗಲೂ ಕಣ್ಣು ಫೋನಿನ ಮೇಲೇ. ಇನ್ನು ಸಮುದ್ರಕ್ಕೆ ಹೋಗೋದು ಯಾವಾಗ?"

ಮತ್ತೆ ಹೇಳಿದರು. "ಸಾಮಾನು ಹಿಡಿದು ಹೋದ್ರೆ ಅಲ್ಲಿ ಬಾಗಿಲು ತೆಗೀತಾರೆ, ನೀರು ಕೊಡ್ತಾರೆ, ಹೆಸರು ಹಿಡಿದು ಕರೀತಾರೆ. ಕೈ ಬೀಸ್ಕೊಂಡು ಹೋದ್ರೆ ಅಲ್ಲಿ ನಾನ್ಯಾರು? ನಿಮ್ಮಿಬ್ಬರನ್ನ ಕರಕೊಂಡು ಹೋಗಿ ಬೀದೀಲಿ ನಿಂತು ಸಮುದ್ರ ಎಲ್ಲಿದೆ ಅಂತ ಕೇಳ್ಬೇಕಾಗುತ್ತಲ್ಲ ಅಂತ ಭಯ ಆಯ್ತು. ಅದಕ್ಕೇ ಆ ಕಪಾಟು ಒಪ್ಪಿಕೊಂಡೆ."

ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ಕೂತಿದ್ದ ಸಮುದ್ರ ಗಿಡ್ಡಣ್ಣ ಏದುಸಿರು ಬಿಡುತ್ತಾ ಹೇಳಿದ್ದು. ಮೋಸ ಹೋದೆ ಎಂದು ರೇಗಾಡುವ ಹಕ್ಕು ನನಗೆ ಪೂರ್ತಿ ಇತ್ತು. ಆದರೆ ಆ ಊರಿಗೆ ಅಷ್ಟು ಸಲ ಹೋಗಿ ಇವರು ಕಂಡದ್ದು ಬರೀ ಹಲಗೆ. ಬೀರುವಿನಲ್ಲಿ ಇಟ್ಟ ಬಟ್ಟೆಗಳನ್ನು ಮತ್ತೆ ತೆಗೆದೆ.

"ಗಿಡ್ಡಣ್ಣ ಇಲ್ಲವಲ್ಲ, ಈ ಕಪಾಟಿಗೆ ಇನ್ನೊಂದು ಕಡೆ ಹಿಡಿಯೋರು ಯಾರು?" ಎಂದು ಕೇಳಿದೆ.

ಅಲ್ಲೇ ಯಾರನ್ನಾದರೂ ಕರೆಯುತ್ತೇನೆ ಎಂದರು.

"ಬೇಡ. ಕೆಳಗೆ ನಾನು ಹಿಡೀತೀನಿ. ನೀವು ಮೇಲೆ ಹಿಡೀರಿ."

ಇವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಕಸುಬಿನ ಪಾಠವೆಲ್ಲ ಹೇಳಿ ಹೆದರಿಸಿದರು. ಬಾಗಿಲು, ಖಾನೆಗಳನ್ನು ಬಿಚ್ಚಿ ಬೇರೆ ಒಯ್ದರೆ ಉಳಿಯುವುದು ಗೂಡು ಮಾತ್ರ ಎಂದು ಇವರೇ ನನಗೆ ಹೇಳಿಕೊಟ್ಟದ್ದನ್ನು ಇವರಿಗೇ ತಿರುಗಿ ಹೇಳಿದೆ. ಕಡೆಗೆ ಪರೀಕ್ಷೆ ನಡೆಯಿತು. ನಮ್ಮ ಮನೆಯ ಬೀರುವನ್ನು ಖಾಲಿ ಮಾಡಿ, ಬಾಗಿಲು ಕಳಚಿ, ಹಿತ್ತಲಿನ ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿದೆವು. ಅತ್ತೆ ಕುರ್ಚಿ ಹಾಕಿಕೊಂಡು ಕೂತು ತೀರ್ಪು ಕೊಟ್ಟರು. ಮಗನಿಗಿಂತ ಸೊಸೆಯ ಹಿಡಿತವೇ ಗಟ್ಟಿ ಎಂಬುದು ತೀರ್ಪು. ಮಗನ ವಿಷಯದಲ್ಲಿ ಅವರು ಬೇರೆ ಮಾತಾಡಿದ್ದು ಅವತ್ತೇ ಮೊದಲು.

ಹೀಗೆ ನಮ್ಮ ರಜೆ ಲಾರಿಯಲ್ಲೇ ಹೊರಟಿತು. ಮುಂದಿನ ಸೀಟಿನಲ್ಲಿ ನಾವು ಮೂವರು, ಹಿಂದೆ ಹಗ್ಗ ಬಿಗಿದ ಕಪಾಟು. ಊರು ಸೇರಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬೋರ್ಡುಗಳಲ್ಲಿ ಮೂರು ಲಿಪಿ ಇದ್ದದ್ದು ನಿಜ. ಅಜ್ಜಿ ಅಜ್ಜಿಯೇ ಆಗಿದ್ದದ್ದೂ ನಿಜ. ಮೇಲಿನಿಂದ ಬಗ್ಗಿ ಅದ್ಯಾವುದೋ ಎರಡು ಭಾಷೆ ಬೆರೆಸಿ ನಮ್ಮನ್ನು ಕರೆದರು. ಅತ್ತೆಯವರನ್ನು ಕೆಳಗಿನ ಬಟ್ಟೆ ಅಂಗಡಿಯವರು ಒಳಗೆ ಕೂರಿಸಿಕೊಂಡರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಅವರ ಮಾತುಕತೆ ಆಗಲೇ ಜೋರಾಗಿ ಸಾಗಿತ್ತು.

ನಾನು ಕೆಳಗೆ ಹಿಡಿದೆ. ಮೊದಲ ಮಹಡಿ ದಾಟುವಷ್ಟರಲ್ಲಿ ಇವರ ಇಷ್ಟು ವರ್ಷದ ಬೆನ್ನುನೋವು ನನಗೆ ಅರ್ಥವಾಯಿತು. ಕಣ್ಣ ಮುಂದೆ ಹಲಗೆ, ಹಲಗೆಯ ಮೇಲೆ ಒಂದು ಮೊಳೆಯ ತೂತು. ಅದನ್ನೇ ನೋಡುತ್ತಾ ಹತ್ತಿದೆ. ಮೇಲಿನಿಂದ ಇವರು ಸ್ವಲ್ಪ ಎಡಕ್ಕೆ, ಇನ್ನೊಂದು ಮೆಟ್ಟಿಲು, ನಿಧಾನ ಎಂದು ದಾರಿ ಹೇಳುತ್ತಿದ್ದರು. ಎರಡನೇ ಮಹಡಿಯ ತಿರುವು ದಾಟಿ ಅರ್ಧ ಹತ್ತಿದ್ದೆವು. ಇವರ ಮಾತು ನಿಂತಿತು. ಕಪಾಟೂ ನಿಂತಿತು.

ಏನಾಯ್ತು ಎಂದು ಕೇಳಿದೆ. ರೀ ಎಂದು ಕೂಗಿದೆ.

"ಇಳಿಸು" ಎಂದರು.

ಮೆಟ್ಟಿಲ ಮಧ್ಯೆ ಸಾಮಾನು ಇಳಿಸುವುದು ಈ ಕಸುಬಿನಲ್ಲಿ ಆಗದ ಕೆಲಸ. ಒಮ್ಮೆ ಇಳಿಸಿದರೆ ಮತ್ತೆ ಎತ್ತುವುದಕ್ಕೆ ಎರಡರಷ್ಟು ಬಲ ಬೇಕು. ಒಬ್ಬ ಹೊಸಬ ಹಾಗೆ ಮಾಡಿದ ಎಂದು ಇವರು ಅವನನ್ನು ಅವತ್ತೇ ಮನೆಗೆ ಕಳಿಸಿದ್ದರು. ಇಲ್ಲಿ ಹೇಗ್ರೀ ಇಳಿಸೋದು ಎಂದೆ.

"ಗೋಡೆಗೆ ಒರಗಿಸು. ಇಳಿಸು ಅಂದೆನಲ್ಲ. ಹಿಂದಕ್ಕೆ ತಿರುಗು."

ಒರಗಿಸಿ ತಿರುಗಿದೆ. ತಿರುವಿನ ಕಿಟಕಿಯ ತುಂಬಾ ಅದೇ ಇತ್ತು. ಅತ್ತ ನೋಡಿದರೂ ಅದೇ, ಇತ್ತ ನೋಡಿದರೂ ಅದೇ. ಗಿಡ್ಡಣ್ಣ ಹೇಳಿದ ನೀಲಿಯೂ ಅಲ್ಲ, ಮಂಕೂ ಅಲ್ಲ, ಬೇರೆ ಏನೋ ಬಣ್ಣ. ಇವರು ಕಪಾಟು ಮತ್ತು ಗೋಡೆಯ ನಡುವೆ ಹೊಟ್ಟೆ ಒಳಗೆಳೆದುಕೊಂಡು ನುಸುಳಿ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತರು. ಮೇಲಿನಿಂದ ಅಜ್ಜಿ ಏನಾಯ್ತು ಎಂದು ಮೂರು ಭಾಷೆಯಲ್ಲಿ ಕೇಳಿದರು. ನಾವಿಬ್ಬರೂ ಒಂದರಲ್ಲೂ ಉತ್ತರ ಕೊಡಲಿಲ್ಲ. ಇವರ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಇದ್ದವು, ಬೆರಳುಗಳಲ್ಲಿ ಇನ್ನೂ ಹಗ್ಗದ ಗುರುತು.

"ಎಷ್ಟು ದೊಡ್ಡದಿದೆ ನೋಡೆ" ಎಂದರು ಕಡೆಗೆ. "ಯಾವ ಬಾಗಿಲಲ್ಲೂ ಹೋಗಲ್ಲ."